ಒಂಬತ್ತು ಓಟದ ಕೋಷ್ಟಕ

ಚಿತ್ತವಾಡ್ಗಿಯ ಗದ್ದೆ ಬದುವಿನಲ್ಲಿ ಡೀಸೆಲ್ ಪಂಪ್‌ಸೆಟ್ಟಿನ ಸದ್ದು ಕೇಳಿದಾಗಲೆಲ್ಲ ನನಗೊಂದು ಕೋಷ್ಟಕ ನೆನಪಾಗುತ್ತದೆ: 9 ಅಡ್ಡಸಾಲು, 4 ಕಂಬಸಾಲು.

ಡೀಸೆಲ್‌ಗೆ ಹೊಂಗೆಯ ಬಯೋಡೀಸೆಲ್ ಬೆರೆಸಿ ಎಂಜಿನ್ ಓಡಿಸಬೇಕೆನ್ನಿ. ಎಷ್ಟು ಬೆರೆಸುವುದು? ಇಂಧನ ಎಷ್ಟು ಒತ್ತಡದಲ್ಲಿ, ಯಾವ ಕ್ಷಣದಲ್ಲಿ ಚಿಮ್ಮಬೇಕು? ಕಂಪ್ರೆಶನ್ ರೇಶಿಯೋ ಎಷ್ಟಿರಬೇಕು? ನಾಲ್ಕಕ್ಕೂ ಮೂರು ಮೂರು ಮಟ್ಟ ಹಿಡಿದರೆ 81 ಜೋಡಣೆ. ಅಷ್ಟನ್ನೂ ಓಡಿಸಲು ಇಂಧನವೂ ಸಾಲದು, ತಾಳ್ಮೆಯೂ ಸಾಲದು. ಒಂದನ್ನೇ ಬದಲಿಸುತ್ತ ಉಳಿದವನ್ನು ಬಿಗಿಹಿಡಿದರೆ, ಸಿಕ್ಕ ಉತ್ತರ ಆ ಸ್ಥಿತಿಗಷ್ಟೇ ಸರಿ. ಈ ಕೋಷ್ಟಕ ಕೇಳುವುದು 9 ಓಟ: ಅಡ್ಡಸಾಲಿಗೊಂದು ಓಟ, ಕಂಬಸಾಲಿಗೊಂದು ಅಂಶ. ಯಾವ ಎರಡು ಕಂಬಸಾಲು ಹಿಡಿದರೂ ಅವುಗಳ ಮಟ್ಟಗಳ ಪ್ರತಿಯೊಂದು ಜೋಡಿ ಸರಿಯಾಗಿ ಒಮ್ಮೆ ಎದುರಾಗುತ್ತದೆ. ಹಾಗಾಗಿ ಒತ್ತಡದ ಒಂದೊಂದು ಮಟ್ಟಕ್ಕೆ ಸರಾಸರಿ ತೆಗೆದಾಗ ಉಳಿದ ಮೂರರ ಪಾಲು ಎಲ್ಲ ಕಡೆ ಸಮನಾಗಿ ಬಿದ್ದಿರುತ್ತದೆ. ಎಂಥ ನ್ಯಾಯವಾದ ಹಂಚಿಕೆ!

ಆರ್ಥಾಗನಲ್ ಅರೇ ಎಂಬ ಈ ಕಲ್ಪನೆಯನ್ನು 1940ರ ದಶಕದಲ್ಲಿ ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯಲ್ಲಿ. ಇಂದಿನ ನಮ್ಮ ವಿಜಯನಗರ ಜಿಲ್ಲೆಯಲ್ಲೇ. ನನಗಂತೂ ಇದು ಹಂಪಿಯಷ್ಟೇ ಹೆಮ್ಮೆ. 1950ರ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದಿದ್ದ ಜಪಾನಿನ ಗೆನಿಚಿ ಟಗುಚಿ ಇಂಥ ಕೋಷ್ಟಕಗಳನ್ನು ಕಾರ್ಖಾನೆಗಳಲ್ಲಿ ಬಳಕೆಗೆ ತಂದರು.

ಒಂದು ಎಚ್ಚರ ಬೇಕು. ಒತ್ತಡವೂ ಟೈಮಿಂಗೂ ಕೂಡಿ ಮಾಡುವ ಪರಿಣಾಮ ಇಲ್ಲಿ ಬೇರೆ ಕಂಬಸಾಲಿನ ಲೆಕ್ಕದೊಳಗೆ ಬೆರೆತುಹೋಗುತ್ತದೆ. ಅದಕ್ಕೇ ಹತ್ತನೆಯ ಓಟ: ಲೆಕ್ಕ ಹೇಳಿದ ಜೋಡಣೆಯನ್ನೇ ಕೂರಿಸಿ, ಇಂಧನ ಅಳೆದು ಹಾಕಿ, ಎಂಜಿನ್ ಚಾಲೂ ಮಾಡಿ ನೋಡುವುದು.