ಒತ್ತಿದರೂ ಉಳಿಯುವ ಬಿಸುಪು

ಜನವರಿ ತಿಂಗಳ ಭಾನುವಾರ ಬೆಳಿಗ್ಗೆ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿರುವ ಸ್ಟೋನಿ ಕೋವ್‌ಗೆ ಹೋದರೆ ಕಾರುಗಳ ಡಿಕ್ಕಿಯ ಹಿಂದೆ ಎರಡು ಬಗೆಯ ಡೈವರ್‌ಗಳು ಕಾಣುತ್ತಾರೆ. ಒಬ್ಬರು ಮೈಯಳತೆಗೆ ಹೊಲಿದ, ನೂರಾರು ಪೌಂಡ್ ಬೆಲೆಯ, ಡ್ರೈಸೂಟಿನೊಳಗೆ ತೊಡುವ ಅಂಡರ್‌ಸೂಟಿಗೆ ಕಾಲು ತೂರಿಸುತ್ತಿರುತ್ತಾರೆ. ಇನ್ನೊಬ್ಬರು ಸೂಪರ್‌ಮಾರ್ಕೆಟ್ಟಿನ ಫ್ಲೀಸ್ ಪ್ಯಾಂಟಿನ ಮೇಲೆ ಇನ್ನೊಂದು ಫ್ಲೀಸ್ ಪ್ಯಾಂಟು ಏರಿಸಿ, ಮೇಲೊಂದು ಉಬ್ಬಿದ ಜಾಕೆಟ್ ತೊಡುತ್ತಿರುತ್ತಾರೆ. ಆಮೇಲೆ ಇಬ್ಬರೂ ನೀರು ಒಳಬಿಡದ ಡ್ರೈಸೂಟ್ ಹಾಕಿಕೊಂಡು, ಹಳೆಯ ಕಲ್ಲುಗಣಿಯಲ್ಲಿ ತುಂಬಿ ನಿಂತ ಅದೇ ನೀರಿಗೆ ಇಳಿಯುತ್ತಾರೆ. ಆ ಕಾಲದಲ್ಲಿ ಅಲ್ಲಿನ ನೀರು 5 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ಈ ಎರಡನೆಯವರ ಪದ್ಧತಿಯನ್ನು, ಅಂದರೆ ಡೈವಿಂಗ್‌ಗೆಂದು ಮಾಡದ ಅಗ್ಗದ ಬಟ್ಟೆಗಳನ್ನು ಪದರಪದರವಾಗಿ ತೊಟ್ಟು ತಣ್ಣೀರಿಗಿಳಿಯುವುದನ್ನು, ಇಲ್ಲಿ ತೂಗಿ ನೋಡಬೇಕೆಂದಿದ್ದೇನೆ. ನಾನೂ ಮೂರು ಚಳಿಗಾಲ ಹಾಗೇ ಇಳಿದವನು. ಡೈವಿಂಗ್ ಕಲಿತದ್ದು ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ. ಅಲ್ಲಿ ನೀರು 28 ಡಿಗ್ರಿಯ ಹತ್ತಿರ, ತೆಳ್ಳಗಿನ ವೆಟ್‌ಸೂಟ್ ಧಾರಾಳವಾಯಿತು. ಇಲ್ಲಿಗೆ ಬಂದು ಸೆಕೆಂಡ್‌ಹ್ಯಾಂಡ್ ಡ್ರೈಸೂಟ್ ಕೊಂಡಾಗ ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಸರಿಹೋಗಿತ್ತು. ಒಳಗೆ ಏನು ತೊಡಬೇಕೆಂಬುದನ್ನು ಮನೆಯ ಬೀರುವಿನಲ್ಲೇ ಹುಡುಕಬೇಕಾಯಿತು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಅಗ್ಗದ ಬಟ್ಟೆ ಅಪಾಯವಲ್ಲ, ತಪ್ಪು ಬಟ್ಟೆ ಅಪಾಯ. ದಡದ ಮೇಲೆ ಎಷ್ಟು ಬೆಚ್ಚಗಿದೆ ಎಂಬುದರಿಂದ ಅಂಡರ್‌ಸೂಟನ್ನು ಅಳೆಯಬಾರದು. ನೀರು ಅದನ್ನು ಒತ್ತಿದಾಗ ಮತ್ತು ಅದು ಒದ್ದೆಯಾದಾಗ ಎಷ್ಟು ಬಿಸುಪು ಉಳಿಯುತ್ತದೆ ಎಂಬುದೇ ಅಳತೆಗೋಲು. ಈ ಎರಡು ಪರೀಕ್ಷೆ ದಾಟಿದ ಬಟ್ಟೆ ಯಾವ ಅಂಗಡಿಯದಾದರೂ ಸರಿ.

ಮೂರು ತೆಳು ಪದರ ಅಂಟಿಸಿ ಮಾಡಿದ ಟ್ರೈಲ್ಯಾಮಿನೇಟ್ ಡ್ರೈಸೂಟ್ ಒಂದು ಮಳೆಕೋಟಿನಂಥದು. ನೀರನ್ನು ಹೊರಗಿಡುತ್ತದೆಯೇ ಹೊರತು ಮೈಯನ್ನು ಬೆಚ್ಚಗಿಡುವ ಗುಣ ಅದಕ್ಕೆ ಹೆಚ್ಚೇನೂ ಇಲ್ಲ. ಆ ಕೆಲಸ ಒಳಬಟ್ಟೆಯ ಎಳೆಗಳ ನಡುವೆ ಸಿಕ್ಕಿ ಅಲುಗದೆ ನಿಂತ ಗಾಳಿಯದು. ಹಳೆ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ ಬೆಚ್ಚಗಿರುವುದೂ ಪದರಗಳ ನಡುವಿನ ಗಾಳಿಯಿಂದಲೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಗಾಳಿಯ ಆ ತೆಳು ಪದರ ಎಲ್ಲಿ ಕುಸಿಯುತ್ತದೋ ಅಲ್ಲಿ ಚಳಿ ನೇರ ಮೈಗೆ ಬರುತ್ತದೆ.

ಎಲ್ಲಿ ಕುಸಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಡೈವರ್ ನೀರಿನಲ್ಲಿ ನೆಟ್ಟಗೆ ನಿಂತರೆ ಸೂಟಿನೊಳಗಿನ ಗಾಳಿಯೆಲ್ಲ ಭುಜದ ಕಡೆ ಏರುತ್ತದೆ. ಮೀನಖಂಡ ಅಲ್ಲಿಂದ ಒಂದು ಮೀಟರಿಗೂ ಕೆಳಗೆ. ಒಂದು ಮೀಟರ್ ನೀರಿನ ಒತ್ತಡವೆಂದರೆ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಜಾಗದ ಮೇಲೆ 10 ಕೆ.ಜಿ. ಭಾರ. ಅಂಗೈಯಗಲದ ಬಟ್ಟೆಯ ಮೇಲೆ ಅರ್ಧ ಬಕೆಟ್ ನೀರು ಇಟ್ಟ ಹಾಗೆ. ದಡದಲ್ಲಿ ಎರಡು ಬೆರಳು ದಪ್ಪ ಉಬ್ಬಿದ ಜಾಕೆಟ್ ಅಲ್ಲಿ ಏನಾಗಬೇಕು?

ಇದನ್ನು ಮನೆಯಲ್ಲೇ ನೋಡಬಹುದು. ನಾನು ಅದೇ ಅಳತೆಯ ಹಲಗೆಯ ತುಂಡೊಂದನ್ನು ಕತ್ತರಿಸಿಟ್ಟುಕೊಂಡಿದ್ದೇನೆ. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಮೇಲೆ ಹಲಗೆ, ಹಲಗೆಯ ಮೇಲೆ 10 ಕೆ.ಜಿ. ತೂಕ ಇಟ್ಟು, ಪಕ್ಕದಿಂದ ಅಡಿಪಟ್ಟಿ ಹಿಡಿದು ನೋಡುತ್ತೇನೆ. ಬಾತುಕೋಳಿಯ ತುಪ್ಪಳ ತುಂಬಿದ ಜಾಕೆಟ್ ಬೆಡ್‌ಶೀಟಿನಷ್ಟು ತೆಳ್ಳಗಾಗಿಬಿಡುತ್ತದೆ. ಒತ್ತಾಗಿ ನೇಯ್ದ ಫ್ಲೀಸ್ ಕುಗ್ಗಿದರೂ ಪೂರ್ತಿ ಮಲಗುವುದಿಲ್ಲ. ಎರಡು ಸಾಧಾರಣ ಫ್ಲೀಸ್ ಒಂದರ ಮೇಲೊಂದಿಟ್ಟರೆ, ನೋಡಲು ಅವುಗಳಿಗಿಂತ ದಪ್ಪವಿರುವ ಜಾಕೆಟ್ಟಿಗಿಂತ ಹೆಚ್ಚು ದಪ್ಪವನ್ನು ಉಳಿಸಿಕೊಳ್ಳುತ್ತವೆ. ಬಟ್ಟೆಯ ಬೆಲೆ ಎಷ್ಟೆಂಬುದು ಆ ಹಲಗೆಗೆ ಗೊತ್ತಾಗುವುದಿಲ್ಲ.

ಇದೇ ಲೆಕ್ಕದಿಂದ ಇನ್ನೊಂದು ಪಾಠವೂ ಸಿಗುತ್ತದೆ, ಅದಕ್ಕೆ ಕಾಸೂ ಖರ್ಚಿಲ್ಲ. ನೀರಿನಲ್ಲಿ ಅಡ್ಡಡ್ಡ, ಹಲ್ಲಿಯ ಹಾಗೆ ಚಪ್ಪಟೆಯಾಗಿ ತೇಲಿದರೆ ಬೆನ್ನಿಗೂ ಹೊಟ್ಟೆಗೂ ಇರುವ ಅಂತರ ಹೆಚ್ಚೆಂದರೆ 30 ಸೆಂ.ಮೀ. ಆಗ ಅದೇ ಅಂಗೈಯಗಲದ ಮೇಲೆ ಬೀಳುವುದು 3 ಕೆ.ಜಿ. ಮಾತ್ರ. ಕಾಲಿನ ಕಡೆಗೂ ಗಾಳಿ ಹರಡಿಕೊಳ್ಳುತ್ತದೆ. ಈಜಿನ ಭಂಗಿ ಸರಿಯಿದ್ದವರಿಗೆ ಅಗ್ಗದ ಫ್ಲೀಸ್ ಕೊಡುವ ಬಿಸುಪು, ಕಾಲು ಕೆಳಗೆ ಬಿಟ್ಟು ನಿಲ್ಲುವವರಿಗೆ ದುಬಾರಿ ಸೂಟಿನಲ್ಲೂ ಸಿಗದಿರಬಹುದು.

ಈಗ ಎರಡನೆಯ ಪರೀಕ್ಷೆ, ಒದ್ದೆಯದು. ಡ್ರೈಸೂಟ್ ಎಂದರೆ ಸದಾ ಒಣಗಿರುವ ಸೂಟ್ ಎಂದು ನಂಬಿ ನಾನು ಮೊದಲ ಚಳಿಗಾಲ ಹತ್ತಿಯ ಬನಿಯನ್ ತೊಟ್ಟು ಮೇಲೆ ಫ್ಲೀಸ್ ಹಾಕಿದ್ದೆ. ಸಿಲಿಂಡರ್ ಹೊತ್ತು ಇಳಿಜಾರಿನಲ್ಲಿ ನಡೆಯುವಷ್ಟರಲ್ಲೇ ಬೆವರಿದ್ದೆ. ಫ್ಲೀಸ್ ತೋಳಿನ ಅಂಚು ಎಡ ಮಣಿಕಟ್ಟಿನ ಲೇಟೆಕ್ಸ್ ಸೀಲಿನೊಳಗೆ ಒಂದು ಎಳೆಯಷ್ಟು ನುಸುಳಿತ್ತು. ಅಷ್ಟು ಸಂದು ಸಾಕು. ಹತ್ತು ನಿಮಿಷದಲ್ಲಿ ಮೊಣಕೈವರೆಗೆ ನೀರು ಹರಿದಿತ್ತು. ಎದ್ದು ಬರುವ ಹೊತ್ತಿಗೆ ಗಮನಿಸಿದ್ದೇನೆಂದರೆ, ನೀರು ನುಗ್ಗಿದ ತೋಳಿಗಿಂತ ಬೆವರಿಗೆ ಒದ್ದೆಯಾದ ಬೆನ್ನೇ ಹೆಚ್ಚು ಕೊರೆಯುತ್ತಿತ್ತು. ತೋಳಿನಲ್ಲಿದ್ದದ್ದು ಫ್ಲೀಸ್, ಬೆನ್ನಿಗಂಟಿದ್ದದ್ದು ಹತ್ತಿ. ಹತ್ತಿ ನೀರು ಹೀರಿ ಮೈಗೆ ಅಂಟಿಕೊಳ್ಳುತ್ತದೆ, ಎಳೆಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬುತ್ತದೆ. ಫ್ಲೀಸಿನ ಪಾಲಿಯೆಸ್ಟರ್ ಎಳೆ ನೀರನ್ನು ಹೀರುವುದೇ ಇಲ್ಲವೆನ್ನಬಹುದು.

ಆದ್ದರಿಂದ ಮೈಗೆ ತಾಗುವ ಪದರದಲ್ಲಿ ಹತ್ತಿಗೆ ಜಾಗವಿಲ್ಲ. ಬನಿಯನ್, ಕಾಲುಚೀಲ, ಒಳಚಡ್ಡಿ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಥರ್ಮಲ್‌ಗಳು ಎಲ್ಲೆಡೆ ಅಗ್ಗಕ್ಕೆ ಸಿಗುತ್ತವೆ. ಸ್ವಲ್ಪ ಹೆಚ್ಚು ಕೊಡಬಲ್ಲವರಿಗೆ ಮೆರಿನೊ ಉಣ್ಣೆ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯೊಳಗೇ ಹಿಡಿದುಕೊಂಡೂ ಉಣ್ಣೆ ಬೆಚ್ಚಗಿರುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬೇರೆ ಕಸುಬಿನ ಬಟ್ಟೆಯನ್ನು ಡೈವಿಂಗ್‌ಗೆ ತರುವುದು ಬಡತನದ ಉಪಾಯವೆಂದು ಕೆಲವರು ಮೂಗು ಮುರಿಯುತ್ತಾರೆ. ಅದು ಇತಿಹಾಸ ಮರೆತ ಮಾತು. ನಾರ್ವೆಯ ಹೆಲಿ ಹ್ಯಾನ್ಸೆನ್ ಕಂಪನಿ 1961ರಲ್ಲಿ ಹೊರತಂದ ಜೂಲುಜೂಲು ಪೈಲ್ ಬಟ್ಟೆಯನ್ನು ಮೊದಲು ಮೆಚ್ಚಿದವರು ಚಳಿಯಲ್ಲಿ ಮೈಮುರಿದು ದುಡಿಯುವವರು. ಬ್ರಿಟನ್ನಿನ ಡೈವರ್‌ಗಳು ‘ವೂಲಿ ಬೇರ್’ ಎಂದು ಕರೆದು ಸೂಟಿನೊಳಗೆ ತೊಟ್ಟದ್ದು ಆ ಜಾತಿಯ ಬಟ್ಟೆಯನ್ನೇ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾಲ್ಡನ್ ಮಿಲ್ಸ್ 1979ರ ಸುಮಾರಿಗೆ ಪೋಲಾರ್ ಫ್ಲೀಸ್ ರೂಪಿಸಿದಾಗ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ನೇಯಬಹುದಾಯಿತು. ಇಂದು ಸಂತೆಯಂಗಡಿಯಲ್ಲೂ ಫ್ಲೀಸ್ ಸಿಗುವುದಕ್ಕೆ ಇದೂ ಒಂದು ಕಾರಣ. ಡೈವಿಂಗ್ ಕಂಪನಿಗಳು ಈ ಬಟ್ಟೆಗಳನ್ನೇ ತೆಗೆದುಕೊಂಡು ನೀರಿಗೆ ತಕ್ಕಂತೆ ಕತ್ತರಿಸಿ ಹೊಲಿದವು.

ಆ ಕತ್ತರಿಕೆಯಲ್ಲೇ ದುಬಾರಿ ಸೂಟಿನ ನಿಜವಾದ ಬೆಲೆ ಅಡಗಿದೆ. ನಮ್ಮ ಪದ್ಧತಿ ಸೋಲುವುದೂ ಇಲ್ಲೇ. ಮೇಲಿನದೊಂದು ಕೆಳಗಿನದೊಂದು ಎಂದು ತೊಟ್ಟಾಗ ಬಗ್ಗಿದರೆ ಸೊಂಟದಲ್ಲಿ ಸಂದು ಬೀಳುತ್ತದೆ. ಸೂಟಿಗೆ ಕೈ ತೂರಿಸುವಾಗ ತೋಳು ಮೊಣಕೈಗೆ ಮುದುಡುತ್ತದೆ. ಡೈವಿಂಗ್‌ಗೆಂದು ಹೊಲಿದ ಸೂಟಿನಲ್ಲಿ ಹೆಬ್ಬೆರಳಿಗೂ ಪಾದಕ್ಕೂ ಸಿಕ್ಕಿಸುವ ಪಟ್ಟಿಗಳಿರುತ್ತವೆ. ಕಂಕುಳಲ್ಲಿ ಹಿಗ್ಗುವ ಬಟ್ಟೆ ಇರುತ್ತದೆ, ಕೈ ಹಿಂದೆ ಚಾಚಿ ಸಿಲಿಂಡರಿನ ವಾಲ್ವ್ ಮುಟ್ಟಬಹುದು. ಫ್ಲೀಸ್ ಮೇಲೆ ಫ್ಲೀಸ್ ತೊಟ್ಟವರಿಗೆ ಎಷ್ಟೋ ಸಲ ಅದು ಆಗುವುದಿಲ್ಲ. ಕೊಳ್ಳುವ ಮುನ್ನ ಸೂಟ್ ಹಾಕಿಕೊಂಡೇ ಕುಕ್ಕರುಗಾಲಲ್ಲಿ ಕೂರಿ, ಎರಡೂ ಕೈ ತಲೆಯ ಹಿಂದೆ ಚಾಚಿ ನೋಡಿ. ತಡೆಯಾದರೆ ಆ ಪದರ ಬೇಡ.

ಇನ್ನೊಂದು ಗಂಭೀರ ದೋಷ ಎಡ ತೋಳಿನ ಡಂಪ್ ವಾಲ್ವಿನದು. ಮೇಲೇರುವಾಗ ಹಿಗ್ಗುವ ಗಾಳಿ ಹೊರಹೋಗುವ ಮುಖ್ಯ ದಾರಿ ಅದು. ಒಳಗಿನ ಬಟ್ಟೆ ದಪ್ಪವಾಗಿ ವಾಲ್ವಿನ ಬಾಯಿಗೆ ಒತ್ತಿ ಕುಳಿತರೆ ಗಾಳಿ ನಿಧಾನಕ್ಕೆ ಹೋಗುತ್ತದೆ. ಕಳಪೆ ಫ್ಲೀಸಿನ ಜೂಲು ಉದುರಿ ಒಳಗೆ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚದೆ ನೀರು ಒಸರುತ್ತದೆ. ಪದರ ಹೆಚ್ಚಿದಂತೆ ಒಳಗಿನ ಗಾಳಿಯೂ ಹೆಚ್ಚುವುದರಿಂದ, ಮುಳುಗಲು ಹೊರುವ ಸೀಸವೂ ಹೆಚ್ಚಬೇಕು. ಒಂದು ಲೀಟರ್ ಹೆಚ್ಚುವರಿ ಗಾಳಿಗೆ ಸುಮಾರು ಒಂದು ಕೆ.ಜಿ. ಸೀಸ. 10 ಮೀಟರ್ ಆಳದಲ್ಲಿ 5 ಲೀಟರ್ ಇದ್ದ ಗಾಳಿಯನ್ನು ಹೊರಬಿಡದಿದ್ದರೆ ಮೇಲೆ ಬರುವಷ್ಟರಲ್ಲಿ ಅದು 10 ಲೀಟರ್ ಆಗಿ, ಡೈವರನ್ನು ಹಿಡಿತ ತಪ್ಪಿಸಿ ಮೇಲಕ್ಕೆ ಎಸೆಯುತ್ತದೆ. ಹೊಸ ಪದರ ತೊಟ್ಟ ಮೊದಲ ದಿನ ಆಳಕ್ಕೆ ಹೋಗಬಾರದು. ದಡದ ಹತ್ತಿರ ಐದಾರು ಮೀಟರಿನಲ್ಲಿ, ಸಿಲಿಂಡರ್ ಬಹುತೇಕ ಖಾಲಿಯಿರುವಾಗ, ತೂಕ ಸರಿನೋಡಿಕೊಳ್ಳಬೇಕು. ಹೊಸ ಫ್ಲೀಸನ್ನು ಮೂರ್ನಾಲ್ಕು ಸಲ ಒಗೆದು ಜೂಲು ಉದುರಿಸಿಯೇ ತೊಡಬೇಕು.

ಅಗ್ಗದ ಮಾತು ಬಂದಾಗ ಬ್ಯಾಟರಿಯಿಂದ ಬಿಸಿಯಾಗುವ ಬನಿಯನ್ ಹೆಸರು ಬರುತ್ತದೆ. ತೆಳ್ಳಗಿನ ಒಳಬಟ್ಟೆಯ ಕೊರತೆಯನ್ನು ಅದು ತುಂಬುತ್ತದೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಳದಲ್ಲಿ ಬೆಚ್ಚಗಿದ್ದು ಮೇಲೇರುವಾಗ ತಣ್ಣಗಾದವರಿಗೆ ಡಿಕಂಪ್ರೆಷನ್ ಕಾಯಿಲೆಯ, ಅಂದರೆ ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗಿ ಕಾಡುವ ಕಾಯಿಲೆಯ, ಅಪಾಯ ಹೆಚ್ಚು. ಬೆಚ್ಚಗಿರುವಾಗ ರಕ್ತ ಚೆನ್ನಾಗಿ ಹರಿದು ಸಾರಜನಕ ದೇಹದೊಳಗೆ ಇಳಿಯುತ್ತದೆ, ತಣ್ಣಗಾದಾಗ ಅದು ಹೊರಬರುವ ಗತಿ ಕುಗ್ಗುತ್ತದೆ. ನಡುವೆ ಬ್ಯಾಟರಿ ಸತ್ತರೆ ಆಗುವುದು ಇದೇ ಅನುಕ್ರಮ. ಬಿಸಿ ಬನಿಯನ್ ಕೈಕೊಟ್ಟರೂ ಡೈವ್ ಮುಗಿಸುವಷ್ಟು ಬಟ್ಟೆ ಮೈಮೇಲಿದ್ದಾಗ ಮಾತ್ರ ಅದನ್ನು ಒಪ್ಪಬಹುದು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಮೈಗೆ ತಾಗುವ ಪದರ ಅಗ್ಗದ್ದೇ ಇರಲಿ. ನಡುವಿನ ಫ್ಲೀಸ್ ಕೂಡ. ಉಳಿಸಿದ್ದನ್ನು ಮೂರನೆಯ ಪದರವಾಗಿ, ಥಿನ್ಸುಲೇಟ್ ಎಂಬ ಸಣ್ಣ ಕೃತಕ ಎಳೆಗಳ ತುಂಬುವಿರುವ ಒಂದು ತೋಳಿಲ್ಲದ ಜಾಕೆಟ್ಟಿಗೆ ಹಾಕಿ. ಅದು ಎದೆ ಹೊಟ್ಟೆಯನ್ನು ಕಾಯುತ್ತದೆ, ತೋಳಿಲ್ಲದ್ದರಿಂದ ಕೈಯನ್ನೂ ವಾಲ್ವನ್ನೂ ಬಂಧಿಸುವುದಿಲ್ಲ. ಆಮೇಲೆ ದಪ್ಪ ಉಣ್ಣೆಯ ಕಾಲುಚೀಲ, ಆದರೆ ಬೂಟಿನಲ್ಲಿ ಬೆರಳಾಡುವಷ್ಟು ಜಾಗ ಬಿಟ್ಟು. ಬೂಟು ಬಿಗಿಯಾದರೆ ಗಾಳಿಯೂ ಇಲ್ಲ, ರಕ್ತದ ಓಟವೂ ಇಲ್ಲ. ರಜೆಗೆಂದು ಐಸ್‌ಲ್ಯಾಂಡಿಗೆ ಹೋಗಿ, ವರ್ಷವಿಡೀ 2ರಿಂದ 4 ಡಿಗ್ರಿಯಲ್ಲಿರುವ ಸಿಲ್ಫ್ರಾ ಬಿರುಕಿನಲ್ಲಿ ಇಳಿಯುವ ನಮ್ಮೂರಿನವರಿಗೂ ಇದನ್ನೇ ಹೇಳುತ್ತೇನೆ. ಅಂಡರ್‌ಸೂಟ್ ಅಲ್ಲಿಯವರೇ ಕೊಡುತ್ತಾರೆ, ಅದರೊಳಗೆ ಜೀನ್ಸ್, ಹತ್ತಿ ಟೀಶರ್ಟ್ ಬೇಡ. ಉಣ್ಣೆಯ ಕಾಲುಚೀಲ, ಥರ್ಮಲ್ ಜೋಡಿ ಮರೆಯದೆ ಒಯ್ಯಿರಿ.

ಈ ಪದ್ಧತಿಗೊಂದು ಗಡಿಯಿದೆ. ಅಗತ್ಯ ಬಿದ್ದಾಗ ತಕ್ಷಣ ಮೇಲೆ ಬರಬಹುದಾದ, ಅರ್ಧ ಮುಕ್ಕಾಲು ಗಂಟೆಯ ಡೈವ್‌ಗಳಿಗೆ ಪದರಗಳು ಸಾಕು. ಸಾರಜನಕ ಹೊರಹೋಗಲೆಂದು ಮೇಲೇರುವ ದಾರಿಯ ಡಿಕಂಪ್ರೆಷನ್ ನಿಲುಗಡೆಯಲ್ಲಿ ಅಲುಗದೆ ಕಾಯಬೇಕಾದ ಆಳದ ಡೈವ್‌ಗಳಿಗೆ ನಾನು ಇವನ್ನು ಒಪ್ಪುವುದಿಲ್ಲ. ಅಲ್ಲಿ ಚಳಿಯಾಯಿತೆಂದು ಎದ್ದು ಬರಲಾಗದು. ಅಂಥ ಡೈವ್ ಮಾಡುವವರು ಒಳ್ಳೆಯ ಅಂಡರ್‌ಸೂಟಿಗೆ ದುಡ್ಡು ಕೂಡಿಡಬೇಕು, ಕೂಡುವವರೆಗೆ ಆ ಡೈವನ್ನೇ ಮುಂದಕ್ಕೆ ಹಾಕಬೇಕು.

ಮೂರನೆಯ ಚಳಿಗಾಲದಲ್ಲಿ ಸ್ಟೋನಿ ಕೋವ್‌ನ ಇಪ್ಪತ್ತು ಮೀಟರ್ ಆಳದಲ್ಲಿ ಮಲಗಿರುವ ಸ್ಟೇನ್‌ಗಾರ್ತ್ ಹಡಗಿನ ಸುತ್ತ ಒಂದು ಸುತ್ತು ಹಾಕಿ ಬಂದೆ. ಒಳಗೆ ಥರ್ಮಲ್, ಎರಡು ಫ್ಲೀಸ್, ಒಂದು ಥಿನ್ಸುಲೇಟ್ ಜಾಕೆಟ್. ದಡದಲ್ಲಿ ಕೈಗವಸು ತೆಗೆದು, ಸೊಂಟಪಟ್ಟಿಯ ಬಕಲನ್ನು ನಾನೇ ಬಿಚ್ಚಿದೆ. ಮೊದಲ ವರ್ಷ ಅದನ್ನು ಜೊತೆಗಾರರು ಬಿಚ್ಚಿಕೊಡಬೇಕಾಗಿತ್ತು.