ಆಳಿನ ಗೊಂಬೆ ಯಾಕೆ ಗಿಡ್ಡ?

ಸಣ್ಣ ಮಕ್ಕಳಿಗೆ ಜಾತಿಯ ವಿಷಯ ಹೇಳಬೇಕೋ ಬೇಡವೋ ಅನ್ನುವ ಚರ್ಚೆಯೇ ಮೇಲ್ಜಾತಿಯ ಚರ್ಚೆ. ಕೇರಿಯ ಮಗುವಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೋಟೆಲಿನ ಲೋಟ, ಗುಡಿಯ ಹೊಸ್ತಿಲು, ನೀರಿನ ಸರದಿ ಇವೆಲ್ಲ ಶಾಲೆಗಿಂತ ಮೊದಲೇ ಕಲಿಸಿರ್ತವೆ. ದಲಿತ ಹೆಂಗಸು ಮಾಡಿದ ಬಿಸಿಯೂಟ ಬೇಡ ಅಂದ ಊರುಗಳ ಸುದ್ದಿ ಈ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿದೆ. ಅಲ್ಲಿ ತಟ್ಟೆ ಬಿಟ್ಟು ಎದ್ದವರೂ ಮಕ್ಕಳೇ. ಹಾಗಾಗಿ ನಾವು ಕೇಳಬೇಕಾದ್ದು, ಈ ಮಾತನ್ನು ಯಾವ ಬಾಯಿಂದ ಹೇಳಬೇಕು ಅಂತ.

ಗೊಂಬೆಯ ಬಾಯಿಂದ ಹೇಳೋಣ ಅನ್ನುವ ಶಿಕ್ಷಕ ಗೆಳೆಯರಿದ್ದಾರೆ. ಮೇಷ್ಟ್ರನ್ನು ಕೇಳೋಕೆ ಹೆದರುವ ಮಗು ಗೊಂಬೆಯನ್ನು ಕೇಳ್ತದೆ ಅನ್ನೋದು ನಿಜ. ನಮ್ಮ ಮಲಪನಗುಡಿಯ ಸುತ್ತಿನ ಬಳ್ಳಾರಿ, ಕೊಪ್ಪಳ ಸೀಮೆಯೇ ತೊಗಲುಗೊಂಬೆಯ ಸೀಮೆ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟ, ಗಾಂಧಿ, ಬಸವಣ್ಣ ಇವರ ಕಥೆಗಳನ್ನು ಈ ಪರದೆಗೆ ತಂದರು. ರಾಮಾಯಣ, ಭಾರತದ ಆಚೆಗೂ ತೊಗಲು ಮಾತಾಡಬಲ್ಲದು ಅಂತ ತೋರಿಸಿದರು. ಹಾಗಾದರೆ ಬಾಲಕ ಭೀಮರಾಯನ ಕಥೆಯನ್ನೂ ಆಡಿಸಬಹುದಲ್ಲ? ಖಂಡಿತ ಆಡಿಸಬಹುದು. ಆದರೆ ಕಥೆ ಬದಲಾದ ಮಾತ್ರಕ್ಕೆ ಆಟ ಬದಲಾಗೋದಿಲ್ಲ.

ಕರ್ನಾಟಕದ ತೊಗಲುಗೊಂಬೆಗಳ ಅಳತೆ ನೋಡಿ. ಅರಸರು, ದೇವತೆಗಳು ದೊಡ್ಡ ಗೊಂಬೆಗಳು. ಸಾಮಾನ್ಯರು, ಆಳುಕಾಳುಗಳು ಸಣ್ಣವು. ಅಂದರೆ ಭಾಗವತರು ಬಾಯಿ ತೆರೆಯುವ ಮೊದಲೇ ಪರದೆ ಶ್ರೇಣೀಕರಣವನ್ನು ಹೇಳಿ ಮುಗಿಸಿರ್ತದೆ. ಓದು ಬಾರದ ಮಗು ಮೊದಲು ಓದೋದು ಈ ಅಳತೆಯನ್ನೇ. ಇದೇ ಅಳತೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತ ಭೀಮನನ್ನು, ಜವಾನ ನೀರು ಹೊಯ್ದರಷ್ಟೇ ಕುಡಿಯಬೇಕಾಗಿದ್ದ ಭೀಮನನ್ನು ತೋರಿಸಿದರೆ ಏನಾಗ್ತದೆ? ಪರದೆಯ ಮುಂದೆ ಎರಡು ಬಗೆಯ ಮಕ್ಕಳು ಕೂತಿರ್ತಾರೆ. ಒಬ್ಬ ಅತ್ತು ಹಗುರಾಗ್ತಾನೆ. ಇನ್ನೊಬ್ಬ ತಲೆ ತಗ್ಗಿಸ್ತಾನೆ. ಆಟ ಮುಗಿದ ಮೇಲೆ ಎಲ್ಲರ ಕಣ್ಣೂ ಅವನ ಮೇಲೆ. ಕರುಣೆ ಉಕ್ಕಿಸುವ ಆಟ ಅವನನ್ನೇ ಗೊಂಬೆ ಮಾಡಿಬಿಡ್ತದೆ.

ಎಲ್ಲ ಗೊಂಬೆಗಳನ್ನೂ ಒಂದೇ ಅಳತೆಗೆ ಕತ್ತರಿಸಿದರಾಯ್ತು ಅಂತ ಕೆಲವರು ಅನ್ನಬಹುದು. ನಾನು ಒಪ್ಪೋದಿಲ್ಲ. ಅದು ಇರುವ ಅಸಮಾನತೆಯನ್ನು ಮುಚ್ಚಿಡುವ ಸಮಾನತೆ. ಶಾಲೆಯಲ್ಲಿ ಭೀಮ ಸಣ್ಣ ಗೊಂಬೆಯಾಗಿಯೇ ಬರಲಿ. 1927ರಲ್ಲಿ ಮಹಾಡಿನ ಚೌಡಾರ್ ಕೆರೆಯ ನೀರು ಮುಟ್ಟುವ ಹೊತ್ತಿಗೆ ಅವನ ಗೊಂಬೆ ಅರಸನ ಗೊಂಬೆಯಷ್ಟಾಗಲಿ. ಯಾಕೆ ದೊಡ್ಡದಾಯ್ತು ಅಂತ ಮಗುವೇ ಕೇಳ್ತದೆ. ನಮಗೆ ಬೇಕಾದ್ದು ಆ ಪ್ರಶ್ನೆ. 2011ರ 'ಭೀಮಾಯಣ' ಚಿತ್ರಪುಸ್ತಕದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಇಂಥದ್ದೇ ಕೆಲಸ ಮಾಡಿದ್ದಾರೆ. ಅಲ್ಲಿ ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ, ಮೃದು ಮಾತಿಗೆ ಹಕ್ಕಿಯ ಆಕಾರ. ಕಥೆಯ ಜೊತೆಗೆ ರೂಪವನ್ನೂ ಮುರಿದು ಕಟ್ಟಿದ್ದಾರೆ.

ಹಳೆಯದನ್ನೆಲ್ಲ ಬಿಸಾಡಬೇಕು ಅಂತಲ್ಲ. ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಜೋಡಿಯನ್ನೇ ತಗೊಳ್ಳಿ. ಕರಿ ಮೈ, ಕೆದರಿದ ಕೂದಲು, ಬಾಯಿ ತುಂಬ ಊರ ಮಾತು. ನಗಿಸುವ ಈ ಗೊಂಬೆಯ ಹೆಸರೂ ಅದನ್ನಾಡಿಸುವ ಜಾತಿಯ ಹೆಸರೂ ಒಂದೇ ಅನ್ನೋದನ್ನು ನಮ್ಮ ವಿಮರ್ಶೆ ಗಂಭೀರವಾಗಿ ತಗೊಳ್ಳಬೇಕು. ಮಕ್ಕಳು ಅವನನ್ನು ನೋಡಿ ನಗ್ತಾರೆ. ಆದರೆ ಅರಸನ ಮುಂದೆ ಅಡ್ಡಮಾತಾಡುವ ಧೈರ್ಯ ಇರೋದೂ ಅವನಿಗೇ. ಅವನನ್ನು 'ಸಭ್ಯ' ಮಾಡಬೇಡಿ. ಚೌಡಾರ್ ಕೆರೆಯ ದಂಡೆಗೆ ಅವನನ್ನು ಕರೆತನ್ನಿ: "ಅಲ್ರೀ ಧಣೇರ, ಈ ಹುಡುಗ ಮುಟ್ಟಿದ್ರ ನೀರು ಕೆಡ್ತೈತಿ ಅಂತೀರಿ. ಎಮ್ಮಿ ಬಿದ್ದು ಹೊಳ್ಳಾಡಿದ್ರ ಕೆಡಂಗಿಲ್ಲೇನು?" ಆಗ ನಗು ತಿರುಗ್ತದೆ. ಇಷ್ಟು ದಿನ ಯಾರನ್ನು ನೋಡಿ ನಗುತ್ತಿದ್ದರೋ ಅವನ ಜೊತೆ ನಿಂತು ಮಕ್ಕಳು ಧಣಿಯನ್ನು ನೋಡಿ ನಗ್ತಾರೆ.

ಕೊನೆಗೆ, ಪರದೆಯ ಹಿಂದೆ ಯಾರಿದ್ದಾರೆ ಅನ್ನೋದು. ಈ ಕಲೆಯನ್ನು ತಲೆಮಾರುಗಳಿಂದ ಹೊತ್ತು ತಂದ ಶಿಳ್ಳೇಕ್ಯಾತರು ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಹೆಮ್ಮೆಯ ಸಂಗತಿಯೇ. ಆದರೆ ದೆಹಲಿಗೆ ಹೋದ ಗೊಂಬೆ ಪಕ್ಕದ ಊರಿನ ಶಾಲೆಗೂ ಬರಬೇಕು. ಕಲೆ ಮಾತ್ರ ತಗೊಂಡು ಕಲಾವಿದರನ್ನು ಹೊರಗಿಟ್ಟು, ರಟ್ಟಿನ ಗೊಂಬೆಯಲ್ಲಿ ನಾವೇ ಸಮಾನತೆಯ ಪಾಠ ಮಾಡಿದರೆ ಅದೂ ಒಂದು ಬಗೆಯ ಅಸ್ಪೃಶ್ಯತೆಯೇ. ಅವರು ಬರಲಿ, ಸರಿಯಾದ ಸಂಭಾವನೆ ಪಡೆದು ಆಡಿಸಲಿ. ಆಟ ಮುಗಿದ ಮೇಲೆ ಮಕ್ಕಳು ಪರದೆಯ ಹಿಂದೆ ಹೋಗಲಿ, ಗೊಂಬೆ ಮುಟ್ಟಲಿ. ರಾಮನೂ ಮೇಕೆಯ ಚರ್ಮ, ರಾವಣನೂ ಮೇಕೆಯ ಚರ್ಮ. ಚರ್ಮ ಹದ ಮಾಡಿದ ಕೈಯನ್ನು ಹೊಲಸು ಅಂದವರು ಅದೇ ಚರ್ಮದ ದೇವರಿಗೆ ಕೈ ಮುಗಿದದ್ದು ಹೇಗೆ? ಇದಕ್ಕೆ ಉತ್ತರವನ್ನು ಮೇಷ್ಟ್ರು ಹೇಳೋದು ಬೇಡ. ಮಕ್ಕಳು ಮನೆಗೆ ಹೋಗಿ ದೊಡ್ಡವರನ್ನು ಕೇಳಲಿ.