ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತೆ?

ನಾಯಿ ಸಾಕಿದವರ ಮನೆಯಲ್ಲಿ ಗ್ಯಾಸ್ ಬಿಲ್ಲು, ರೇಷನ್ ಕಾರ್ಡುಗಳ ಜೊತೆಗೆ ಒಂದು ಪುಟ್ಟ ಪುಸ್ತಕ ಇರುತ್ತದೆ. ಲಸಿಕೆ ಪುಸ್ತಕ. ಮುಖಪುಟದಲ್ಲಿ ನಾಲಗೆ ಚಾಚಿದ ಲ್ಯಾಬ್ರಡಾರ್, ಹಿಂಬದಿಯಲ್ಲಿ ನಾಯಿ ಆಹಾರದ್ದೋ ಔಷಧ ಕಂಪನಿಯದ್ದೋ ಜಾಹೀರಾತು, ನಡುವೆ ತಾರೀಖು, ಲಸಿಕೆಯ ಹೆಸರು, ಮುಂದಿನ ತಾರೀಖು, ಡಾಕ್ಟರ ಸಹಿ ಎಂಬ ಕಾಲಂಗಳು. ಸೀಸೆಯಿಂದ ಸುಲಿದ ಸ್ಟಿಕ್ಕರನ್ನು ಅಲ್ಲಿ ಅಂಟಿಸಿ ಸಹಿ ಬಿದ್ದರೆ ಯಜಮಾನರಿಗೆ ನಿರಾಳ. 'ನಮ್ಮದಕ್ಕೆ ಎಲ್ಲಾ ಹಾಕಿಸಿದ್ದೇವೆ' ಎಂಬ ಮಾತು ಬರುವುದು ಈ ಪುಸ್ತಕದ ಧೈರ್ಯದಿಂದ. ಸಾಕುನಾಯಿಯ ಆರೋಗ್ಯ ಕಾಯುವುದೆಂದರೆ ನಾವು ಏನೆಂದುಕೊಂಡಿದ್ದೇವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಇಲ್ಲ. ಹಾಗಾಗಿ ಬೇರೆ ಪುಸ್ತಕಗಳನ್ನು ಓದುವಂತೆ ಇದನ್ನೂ ಓದಿ, ಏನು ಹೇಳುತ್ತದೆ, ಏನು ಬಿಟ್ಟಿದೆ ಎಂದು ನೋಡಬಹುದು.

ಸಲ್ಲಬೇಕಾದ ಮೆಚ್ಚುಗೆ ಮೊದಲು ಸಲ್ಲಲಿ. ಹುಚ್ಚುನಾಯಿ ರೋಗದ ವಿಷಯದಲ್ಲಿ ಈ ಪುಸ್ತಕ ಮಾಡಿರುವ ಕೆಲಸ ದೊಡ್ಡದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗಾಗಲಿ ಮನುಷ್ಯನಿಗಾಗಲಿ ಉಳಿಗಾಲವಿಲ್ಲವೆಂದೇ ಹೇಳಬೇಕು. ಅಂಥ ರೋಗವನ್ನು ಮೂರು ತಿಂಗಳ ಮರಿಗೆ ಹಾಕಿಸುವ ಒಂದು ಇಂಜೆಕ್ಷನ್, ಆಮೇಲೆ ತಪ್ಪಿಸದೆ ಕೊಡಿಸುವ ಬೂಸ್ಟರ್ ತಡೆಯುತ್ತವೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳು ಉಚಿತ ಲಸಿಕೆಯ ಬ್ಯಾನರ್ ಕಟ್ಟುತ್ತವೆ. ಜನ ಇವತ್ತಿಗೂ ದನದ ಆಸ್ಪತ್ರೆ ಎಂದೇ ಕರೆಯುವ ಆ ಕಟ್ಟಡಗಳ ಮುಂದೆ ಹಗ್ಗ, ಚೈನು ಹಿಡಿದ ಹುಡುಗರು ಸಾಲು ನಿಲ್ಲುತ್ತಾರೆ. ನಾಯಿಯಿಂದ ಬರುವ ರೇಬಿಸ್ಸನ್ನು 2030ರೊಳಗೆ ಇಲ್ಲವಾಗಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಅದು ಕೈಗೂಡುವುದು ಬಿಡುವುದು ಹೆಚ್ಚಾಗಿ ಬೀದಿನಾಯಿಗಳ ಲಸಿಕೆಗೆ ಸೇರಿದ ಮಾತು. ಮನೆನಾಯಿಯ ಮಟ್ಟಿಗೆ ಪುಸ್ತಕ ಇಲ್ಲಿ ಪಾಸಾಗಿದೆ.

ಪಾರ್ವೋ ಪುಟಕ್ಕೆ ಬಂದರೆ ತೊಡಕು ಶುರು. 1978ರ ಸುಮಾರಿಗೆ ಜಗತ್ತಿಗೆ ಕಾಣಿಸಿಕೊಂಡ ಈ ವೈರಸ್ ರಕ್ತಭೇದಿ ಹಿಡಿಸಿ ಮರಿಗಳನ್ನು ಎರಡು ಮೂರು ದಿನದಲ್ಲಿ ಮುಗಿಸಬಲ್ಲದು. ಪುಸ್ತಕದಲ್ಲಿ ಮೂರು ನಾಲ್ಕು ತಾರೀಖು ಬರೆದಿರುತ್ತಾರೆ. ಯಾಕೆ ಅಷ್ಟು ಸಲ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಣೆಯೇ ಲಸಿಕೆಯನ್ನೂ ನಿಷ್ಫಲ ಮಾಡುತ್ತದೆ. ಆ ರಕ್ಷಣೆ ಯಾವ ಮರಿಗೆ ಯಾವ ವಾರ ಇಳಿಯುತ್ತದೆಂದು ಮೊದಲೇ ಹೇಳಲಾಗದು. ಆದ್ದರಿಂದ ಆರೆಂಟು ವಾರಕ್ಕೆ ಶುರು ಮಾಡಿ ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಕೊಡಬೇಕು. ಕೊನೆಯ ಡೋಸೇ ಎಲ್ಲಕ್ಕಿಂತ ಮುಖ್ಯ. ಇದು ತಿಳಿಯದ ಮನೆಯವರು ಹಲವು ರೋಗಗಳ ಒಟ್ಟು ಲಸಿಕೆಯ ಎರಡು ಸ್ಟಿಕ್ಕರ್ ಬಿದ್ದೊಡನೆ 'ನೈನ್ ಇನ್ ಒನ್ ಆಯ್ತು' ಎಂದು ಮರಿಯನ್ನು ಪಾರ್ಕಿಗೆ ಬಿಡುತ್ತಾರೆ. ಆ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಮನೆಯಲ್ಲಿ ಒಂದು ಮರಿ ಸತ್ತರೆ ಫಿನಾಯಿಲ್ ಸುರಿದು ತೊಳೆದು ಹೊಸ ಮರಿ ತರುವುದೂ ಉಂಟು. ಫಿನಾಯಿಲಿಗೆ ಅದು ಜಗ್ಗುವಂಥದ್ದಲ್ಲ, ಬ್ಲೀಚಿಂಗ್ ನೀರೇ ಬೇಕು. ಇನ್ನೊಂದು ಮಾತನ್ನೂ ಇಲ್ಲೇ ಸೇರಿಸಬೇಕು. 2017ರ ಶ್ವಾನ ತಳಿ ಸಂವರ್ಧನೆ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮರಿಯೇ ಬೇಕೆಂದು ಕೇಳುವವರು ನಾವು, ಕೇಳಿದ್ದನ್ನು ಕೊಡುವವರು ಅವರು.

ವರ್ಷಾವರ್ಷ ಎಲ್ಲವನ್ನೂ ಒಟ್ಟಿಗೆ ಚುಚ್ಚಿಸುವ ರೂಢಿಯೂ ಪ್ರಶ್ನೆಗೆ ಹೊರತಲ್ಲ. ಡಿಸ್ಟೆಂಪರ್, ಪಾರ್ವೋಗಳಿಗೆ ಮೊದಲ ವರ್ಷದ ಬೂಸ್ಟರ್ ಸರಿಯಾಗಿ ಆಗಿದ್ದರೆ ಆಮೇಲೆ ಮೂರು ವರ್ಷಕ್ಕಿಂತ ಮೊದಲು ಬೇಡವೆಂದು ಪಶುವೈದ್ಯರ ಅಂತರರಾಷ್ಟ್ರೀಯ ಸಂಘಟನೆಯ ಮಾರ್ಗಸೂಚಿಯೇ ಹೇಳುತ್ತದೆ. ಇಲಿ ಜ್ವರದ ಮಾತು ಬೇರೆ. ಇಲಿ ಉಚ್ಚೆ ಸೇರಿದ ಮಳೆನೀರಿನಿಂದ ಹರಡುವ ಆ ರೋಗಕ್ಕೆ ಕರಾವಳಿ, ಮಲೆನಾಡಿನಲ್ಲಿ ಪ್ರತಿ ವರ್ಷದ ಲಸಿಕೆ ಅಗತ್ಯ. ನಾಯಿಯಿಂದ ಮನೆಯವರಿಗೂ ಅದು ದಾಟಬಲ್ಲದು. ಯಾವುದು ವರ್ಷಕ್ಕೊಮ್ಮೆ, ಯಾವುದು ಮೂರು ವರ್ಷಕ್ಕೊಮ್ಮೆ ಎಂದು ಬಿಡಿಸಿ ಬರೆಯುವಷ್ಟು ಜಾಗ ಪುಸ್ತಕದಲ್ಲಿದೆ, ಬರೆಯುವ ವ್ಯವಧಾನ ಇಲ್ಲ.

ಆದರೆ ನನ್ನ ದೊಡ್ಡ ತಕರಾರು ಪುಸ್ತಕದಲ್ಲಿ ಕಾಲಮ್ಮೇ ಇಲ್ಲದ ಶತ್ರುವಿನ ಬಗ್ಗೆ. ಅದು ಉಣುಗು.

ಯಾವುದಾದರೂ ನಾಯಿಯ ಕಿವಿಯನ್ನು ಮಗುಚಿ ನೋಡಿ. ಒಳಮಡಿಕೆಯಲ್ಲಿ ಬಟಾಣಿ ಗಾತ್ರದ, ಬೂದುಬಣ್ಣದ, ರಕ್ತ ಕುಡಿದು ಉಬ್ಬಿದ ಹೆಣ್ಣು, ಪಕ್ಕದಲ್ಲೇ ಎಳ್ಳಿನಷ್ಟು ಚಪ್ಪಟೆ ಕಂದು ಗಂಡು. ಬೆರಳುಗಳ ಸಂದಿ, ಬೆಲ್ಟಿನ ಅಡಿ, ಬಾಲದ ಬುಡ ಅವುಗಳ ಉಳಿದ ತಾಣಗಳು. ಹೊಟ್ಟೆ ತುಂಬಿದ ಹೆಣ್ಣು ತಾನಾಗಿಯೇ ಉದುರಿ ಗೋಡೆಯ ಬಿರುಕನ್ನೋ ಕಿಟಕಿಯ ಚೌಕಟ್ಟನ್ನೋ ಹುಡುಕಿಕೊಂಡು ಹೋಗಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯೊಡೆದು ಬಂದ ಮರಿ ಒಮ್ಮೆ ನಾಯಿಯನ್ನು ಹತ್ತಿ ರಕ್ತ ಕುಡಿದು ಇಳಿಯುತ್ತದೆ, ಪೊರೆ ಬಿಟ್ಟು ಮತ್ತೆ ಹತ್ತುತ್ತದೆ, ಮತ್ತೆ ಇಳಿದು ಪೊರೆ ಬಿಟ್ಟು ಮೂರನೆಯ ಸಲ ಹತ್ತುತ್ತದೆ. ಇಡೀ ಜೀವನಚಕ್ರ ಮನೆಯೊಳಗೇ ನಡೆಯಬಲ್ಲದು. ಅಂದರೆ ನಾಯಿಯ ಮೈಮೇಲೆ ಕಂಡದ್ದು ಕೊಂಚ, ಉಳಿದದ್ದೆಲ್ಲ ಗೋಡೆಯಲ್ಲಿದೆ. ಭಾನುವಾರ ಜಗಲಿಯಲ್ಲಿ ಕೂತು ಒಂದೊಂದನ್ನೇ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುವುದು ಮನಸ್ಸಿಗೆ ಸಮಾಧಾನ ತರಬಹುದು. ಮುಂದಿನ ಭಾನುವಾರಕ್ಕೆ ಗೋಡೆಯಿಂದ ಅಷ್ಟೇ ಇಳಿದು ಬಂದಿರುತ್ತವೆ.

ಈ ಉಣುಗಿನ ಎಂಜಲಿನ ಮೂಲಕ ಎರ್ಲಿಕಿಯಾ, ಬಬೇಸಿಯಾ ಎಂಬ ರಕ್ತದ ಸೋಂಕುಗಳು ಬರುತ್ತವೆ. ನಾಯಿ ಮಂಕಾಗುತ್ತದೆ, ತಟ್ಟೆ ಮೂಸಿ ತಿರುಗಿ ಹೋಗುತ್ತದೆ, ಜ್ವರ ಬರುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಪ್ಲೇಟ್‌ಲೆಟ್ ಕುಸಿದರೆ ಮೂಗಿನಿಂದ ರಕ್ತ ಇಳಿಯುತ್ತದೆ. ಎರ್ಲಿಕಿಯಾದ ಕುಟಿಲತನ ಇರುವುದು ನಡುವಿನ ಅವಧಿಯಲ್ಲಿ: ಮೊದಲ ಜ್ವರ ತಾನಾಗಿಯೇ ಇಳಿದು ನಾಯಿ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಾಡಿಕೊಂಡಿದ್ದು, ಒಂದು ದಿನ ಮೂಳೆಮಜ್ಜೆಯೇ ಸೋತು ಬಿದ್ದುಹೋಗಬಹುದು. ಇದಕ್ಕೆ ಲಸಿಕೆ ಇಲ್ಲ. ಸ್ಟಿಕ್ಕರ್ ಇಲ್ಲದ್ದರಿಂದ ಪುಸ್ತಕದಲ್ಲಿ ಜಾಗವೂ ಇಲ್ಲ! ಚಿಕಿತ್ಸೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಸುಮಾರು ನಾಲ್ಕು ವಾರ ನುಂಗಿಸಬೇಕು. ಐದನೆಯ ದಿನ ನಾಯಿ ಊಟ ಮಾಡಿದ್ದೇ ಮಾತ್ರೆ ನಿಲ್ಲುತ್ತದೆ, ಆರು ತಿಂಗಳಿಗೆ ರೋಗ ಹಿಂದಿರುಗುತ್ತದೆ.

ತಡೆಯುವ ದಾರಿಗಳಿವೆ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಡುವ ಜಗಿಯುವ ಮಾತ್ರೆ, ಬೆನ್ನ ಮೇಲೆ ಬಿಡುವ ಹನಿ ಮದ್ದು, ಕುತ್ತಿಗೆ ಪಟ್ಟಿ. ಈ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಫಿಟ್ಸ್ ಇರುವ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಮಾತ್ರೆಯ ಬೆಲೆ ಕೇಳಿ ಕೈ ಹಿಂದೆ ಸರಿಯುವುದು ಸಹಜ. ರಕ್ತಪರೀಕ್ಷೆ, ಡ್ರಿಪ್, ರಕ್ತ ಕೊಡಿಸುವ ಖರ್ಚಿನ ಮುಂದೆ ಅದು ಕಮ್ಮಿಯೇ. ಮಲೆನಾಡಿನವರಿಗೆ ಉಣುಗಿನ ಪಾಠ ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ, ಅದು ಕಾಡಿನ ಬೇರೆ ಜಾತಿಯದು. ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುವ ಮನೆಯಲ್ಲೇ ನಾಯಿಯ ಕಿವಿಯ ತುಂಬ ಉಣುಗು ಇರುವುದು ನಮ್ಮ ವಿಚಿತ್ರ.

ಮನೆಮದ್ದಿನ ಹೆಸರಿನಲ್ಲಿ ನಡೆಯುವುದು ಇದಕ್ಕಿಂತ ಅಪಾಯಕಾರಿ. ದನಕ್ಕೆ ಹಚ್ಚುವ ಉಣುಗಿನ ಮದ್ದನ್ನು ಅಳತೆಯಿಲ್ಲದೆ ಬಕೆಟ್ಟಿಗೆ ಸುರಿದು ನಾಯಿಗೆ ಮೀಯಿಸುತ್ತಾರೆ. ನಾಯಿ ಮೈ ನೆಕ್ಕಿಕೊಂಡು ಜೊಲ್ಲು ಸುರಿಸತೊಡಗಿದಾಗ ಗಾಬರಿ ಬೀಳುತ್ತಾರೆ. ಕಜ್ಜಿಗೆ ಗ್ಯಾರೇಜಿನ ಹಳೆ ಇಂಜಿನ್ ಆಯಿಲ್ ಬಳಿಯುವುದು ಇನ್ನೂ ನಿಂತಿಲ್ಲ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ವಿಷ. ಜ್ವರಕ್ಕೆ ಮನುಷ್ಯರ ಪ್ಯಾರಾಸಿಟಮಾಲ್, ನೋವಿಗೆ ಬ್ರೂಫೆನ್ ಕೊಡುವ ಕೈಗಳೂ ಪ್ರೀತಿಯ ಕೈಗಳೇ. ಆದರೆ ನಾಯಿಯ ಯಕೃತ್ತು, ಮೂತ್ರಪಿಂಡ ತಾಳಿಕೊಳ್ಳುವ ಮದ್ದುಗಳು ಅವಲ್ಲ.

ಊಟದ ಬಗ್ಗೆ ಎರಡು ಪಕ್ಷಗಳಿವೆ. ಒಂದು ಪಕ್ಷಕ್ಕೆ ಪ್ಯಾಕೆಟ್ ಆಹಾರ ಬಿಟ್ಟರೆ ಬೇರೆಲ್ಲ ಅಪಚಾರ. ಇನ್ನೊಂದು ಪಕ್ಷಕ್ಕೆ 'ನಮ್ಮ ಕರಿಯ ಮೊಸರನ್ನ ತಿಂದು ಹದಿನೈದು ವರ್ಷ ಬದುಕಿದ'. ಎರಡೂ ಅರ್ಧ ಸತ್ಯ. ತೋಳಕ್ಕಿಲ್ಲದ ಒಂದು ಅನುಕೂಲ ನಾಯಿಗಿದೆ: ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಅದರಲ್ಲಿ ಹಲವು ಪಟ್ಟು ಹೆಚ್ಚು. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಇದನ್ನು ತೋರಿಸಿದರು. ಹಾಗಾಗಿ ಮುದ್ದೆ, ಅನ್ನ ಹಾಕಿದರೆ ನಾಯಿಗೆ ದ್ರೋಹವಾಗದು. ಬರಿಯ ಅನ್ನ, ಹಾಲು, ಮೊಸರಿನಲ್ಲೇ ಬೆಳೆಸಿದರೆ ಪ್ರೋಟೀನು ಸಾಲದೆ ಕೂದಲು ಒರಟಾಗಿ ತೊಡೆ ಸೊರಗುತ್ತದೆ, ಹೊಟ್ಟೆ ಮಾತ್ರ ದಪ್ಪ. ಮೊಟ್ಟೆಯೋ ಮಾಂಸವೋ ಮೀನೋ ಜೊತೆಗಿರಬೇಕು. ಮನೆಯಲ್ಲಿ ಅದು ನಡೆಯದು ಎನ್ನುವವರಿಗೆ ಪ್ಯಾಕೆಟ್ಟೇ ಪ್ರಾಮಾಣಿಕ ದಾರಿ. ಉಳಿದ ಸಾರು ಸುರಿಯುವಾಗ ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನೆನಪಿರಲಿ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಬ್ಬದ ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ನಾಯಿಗಳನ್ನು ಕಾಡುವುದು ಅತಿ ಊಟ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ ಕೊಡುತ್ತ ಕೊನೆಯತನಕ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವಕ್ಕೆ ಕೀಲುನೋವು ಬಂದದ್ದೂ ತಡವಾಗಿ. ಈ ಅಧ್ಯಯನ ಮಾಡಿಸಿದ್ದು ನಾಯಿ ಆಹಾರ ಮಾರುವ ಪ್ಯೂರಿನಾ ಕಂಪನಿ ಎಂಬುದು ಸ್ವಾರಸ್ಯ. ನಮ್ಮಲ್ಲಿ ಪಕ್ಕೆಲುಬು ಬೆರಳಿಗೆ ಸಿಗುವ ನಾಯಿಯನ್ನು ಕಂಡರೆ 'ಊಟ ಹಾಕಲ್ವಾ?' ಎಂದು ಕೇಳುತ್ತಾರೆ. ಸಿಗಬೇಕಾದದ್ದೇ ಹಾಗೆ. ಬೆಳಿಗ್ಗೆ ಅಜ್ಜ ಕೊಡುವ ಬಿಸ್ಕತ್ತು, ಸಂಜೆ ಮಗು ಕೊಡುವ ಬಿಸ್ಕತ್ತು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ತಳಿಯ ಆಯ್ಕೆಯನ್ನು ನಾವು ಆರೋಗ್ಯದ ವಿಷಯವೆಂದೇ ಎಣಿಸುವುದಿಲ್ಲ. ಮೊಬೈಲ್ ಕಂಪನಿಯ ಜಾಹೀರಾತು ಮನೆಮಾತಾಗಿಸಿದ ಪಗ್‌ಗೆ ಮೂಗೇ ಚಪ್ಪಟೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ. ಉಸಿರಿನ ದಾರಿಯೇ ಇಕ್ಕಟ್ಟಾದ ಪಗ್, ಬುಲ್‌ಡಾಗ್‌ಗಳಿಗೆ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಜೀವಕ್ಕೇ ಸಂಚಕಾರ. ಹಿಮದ ನಾಡಿನ ಹಸ್ಕಿಯನ್ನು ಬಳ್ಳಾರಿಗೆ ತಂದು ಏಸಿ ಹಾಕಿಸುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2022ರ '777 ಚಾರ್ಲಿ' ಚಿತ್ರ ಮರಿ ಹುಟ್ಟಿಸಿ ಮಾರುವವರ ಕ್ರೌರ್ಯವನ್ನು ಮುಟ್ಟಿತು, ಥಿಯೇಟರಿನಲ್ಲಿ ಎಲ್ಲರೂ ಅತ್ತರು. ಆದರೂ ಮರಿ ಕೊಳ್ಳುವಾಗ ತಾಯಿ ತಂದೆ ನಾಯಿಗಳನ್ನು ತೋರಿಸಿ ಎಂದು ಕೇಳುವವರು ಎಲ್ಲಿದ್ದಾರೆ? ನಮ್ಮ ಮುಧೋಳ ನಾಯಿ ಇದೆಯಲ್ಲ ಎನ್ನುವ ಅಭಿಮಾನಿಗಳಿಗೂ ಒಂದು ಮಾತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿರುವ ಆ ತಳಿ ನಮ್ಮ ಬಿಸಿಲಿಗೆ ಹೇಳಿಮಾಡಿಸಿದ್ದು ನಿಜ. ಆದರೆ ಅದು ಓಡಲೆಂದೇ ಹುಟ್ಟಿದ ಬೇಟೆನಾಯಿ, ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಕೂಡಿಹಾಕಿದರೆ ಆ ಹೊಂದಿಕೆಯಿಂದ ಪ್ರಯೋಜನವಿಲ್ಲ. ಕಾಂಪೌಂಡಿನ ಆಚೆಯ ನಾಡಮರಿ ಹೆಚ್ಚಿನ ಮನೆಗಳಿಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಹೆಣ್ಣುನಾಯಿಯ ಸಂತಾನಹರಣ ಆಪರೇಷನ್ ಬಗ್ಗೆ 'ಒಂದು ಸಲ ಮರಿ ಹಾಕಲಿ' ಎಂಬ ನಂಬಿಕೆ ಗಟ್ಟಿ. ಅದರಿಂದ ನಾಯಿಗೆ ಆರೋಗ್ಯದ ಲಾಭವೇನೂ ಇಲ್ಲ. ವಯಸ್ಸಾದ ಮೇಲೆ ಬೆದೆ ಕಳೆದ ಕೆಲ ವಾರಕ್ಕೆ ಗರ್ಭಕೋಶದಲ್ಲಿ ಕೀವು ತುಂಬಿಕೊಂಡಾಗ ಅದೇ ಆಪರೇಷನ್ನನ್ನು ಸಾವಿನ ದವಡೆಯಲ್ಲಿ ಮಾಡಿಸಬೇಕಾಗುತ್ತದೆ. ಯಾವ ವಯಸ್ಸಿಗೆ ಎಂಬುದು ಮಾತ್ರ ಚರ್ಚೆಯ ವಿಷಯ. ಗೋಲ್ಡನ್ ರಿಟ್ರೀವರ್‌ಗಳಿಗೆ ವರ್ಷ ತುಂಬುವ ಮೊದಲೇ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚೆಂದು 2013ರ ಒಂದು ಅಧ್ಯಯನ ಹೇಳಿದೆ. ಹಲ್ಲಿನ ಗಾರೆಯ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ಬಾಯಿವಾಸನೆ ನಾಯಿಗೆ ಸಹಜ ಎಂದುಕೊಂಡು ವಸಡು ಕೊಳೆಯಲು ಬಿಡುತ್ತೇವೆ.

ತಪ್ಪೆಲ್ಲ ಸಾಕುವವರದೇ ಎಂದು ಮುಗಿಸಿದರೆ ಅನ್ಯಾಯ. ನಗರದ ಕ್ಲಿನಿಕ್ಕಿನಲ್ಲಿ ಸ್ಟಿಕ್ಕರ್ ಅಂಟಿಸಲು ಎರಡು ನಿಮಿಷ ಸಾಕು, ಊಟದ ಬಗ್ಗೆ ಮಾತಾಡಲು ಇಪ್ಪತ್ತು ನಿಮಿಷ ಬೇಕು. ಫೀಸು ಸಿಗುವುದು ಮೊದಲನೆಯದಕ್ಕೆ. ತಾಲ್ಲೂಕಿನ ಸರ್ಕಾರಿ ವೈದ್ಯರಿಗೆ ಕಾಲುಬಾಯಿ ಜ್ವರದ ಲಸಿಕೆ, ಹಸುವಿನ ಹೆರಿಗೆಗಳ ನಡುವೆ ನಾಯಿಯ ಬಾಯಿ ತೆರೆದು ನೋಡಲು ಪುರಸೊತ್ತೆಲ್ಲಿ? ಪುಸ್ತಕ ಅಚ್ಚುಹಾಕಿಸಿ ಹಂಚುವ ಕಂಪನಿಗಳು ತಮ್ಮಲ್ಲಿ ಮಾರಾಟಕ್ಕಿರುವುದಕ್ಕೆ ಮಾತ್ರ ಕಾಲಂ ಹಾಕುತ್ತವೆ. ನಾಯಿಯ ತೂಕ ಬರೆಯಲು ಎಷ್ಟೋ ಪುಸ್ತಕಗಳಲ್ಲಿ ಒಂದು ಗೆರೆಯೂ ಇಲ್ಲ.

ರೇಬಿಸ್‌ಗೆ ಪೂರ್ತಿ ಅಂಕ, ಪಾರ್ವೋಗೆ ಅರ್ಧ, ಉಣುಗು ಮತ್ತು ಊಟಕ್ಕೆ ಸೊನ್ನೆ: ಇದು ನನ್ನ ಮೌಲ್ಯಮಾಪನ. ಮುಂದಿನ ಲಸಿಕೆಗೆ ಹೋದಾಗ ನಾಯಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆಸಿ. ಪಕ್ಕೆಲುಬು ಮುಟ್ಟಿ ನೋಡಲು, ವಸಡು ನೋಡಲು ಡಾಕ್ಟರಿಗೆ ಹೇಳಿ. ಉಣುಗಿನ ಮದ್ದು ಕೊಟ್ಟ ತಾರೀಖು, ಮುಂದೆ ಕೊಡಬೇಕಾದ ತಾರೀಖು ಎರಡನ್ನೂ ಖಾಲಿ ಪುಟದಲ್ಲಿ ನೀವೇ ಬರೆದಿಡಿ.